ಹೊಸಾದೊಂದು ಹಾಡ್ರಿ ಅಜ್ಜಾರ

ಕಬ್ಬಿನ ಹಂಗಾಮು ಶುರುವಾದರೆ ಬೆಳಗಾವಿ ಕಡೆಯ ತುಕ್ಕಾನಟ್ಟಿಯ ರಸ್ತೆಗಳಿಗೆ ರಾತ್ರಿಯೂ ನಿದ್ದೆ ಇಲ್ಲ. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಟ್ರ್ಯಾಕ್ಟರಿನ ಮೇಲೆ ಸೌಂಡ್ ಬಾಕ್ಸು, ಬಾಕ್ಸಿನೊಳಗೆ ಮೊನ್ನೆ ಮೊನ್ನೆ ಯೂಟ್ಯೂಬಿಗೆ ಬಂದ ಡಿಜೆ ಜಾನಪದ. ಪದ ಕಟ್ಟಿದವನಿಗೆ ಇಪ್ಪತ್ತರ ಆಸುಪಾಸು ವಯಸ್ಸು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹೊಸ ಹಾಡಿಗೆ ಬರ ಬಂದಿಲ್ಲ. ಇದು ಸಂತೋಷದ ಸಂಗತಿ.

ಆದರೆ ಅದೇ ಊರಿನ ಜಾತ್ರೆಯಲ್ಲಿ ಅರವತ್ತೈದು ದಾಟಿದ ಹಾಡುಗಾರ ಡಪ್ಪು ಹಿಡಿದು ಎದ್ದು ನಿಂತು ‘ಇದು ಹೊಸಾ ಪದ’ ಎಂದು ಶುರು ಮಾಡಿದರೆ ಏನಾಗುತ್ತದೆ? ಮುಂದಿನ ಸಾಲಿನವರು ಚಹಾದ ಅಂಗಡಿಯ ಕಡೆ ಏಳುತ್ತಾರೆ. ಹಿಂದಿನಿಂದ ಯಾರೋ ಕೂಗುತ್ತಾರೆ: ‘ಹಳೇದ ಹಾಡೋ ಯಜ್ಜಾ.’ ಅವನು ಒಂದು ನುಡಿ ಹಾಡಿ ನಿಲ್ಲಿಸಿ, ಮೂವತ್ತು ವರ್ಷದ ಹಿಂದಿನ ಪದಕ್ಕೆ ಹೊರಳುತ್ತಾನೆ. ಜನ ಶಿಳ್ಳೆ ಹಾಕುತ್ತಾರೆ. ಹೊಸದು ಕಟ್ಟುವುದು ಹುಡುಗರ ಕೆಲಸ, ಹಿರಿಯರು ಹಳೆಯದನ್ನು ಕಾಪಾಡಿಕೊಂಡಿದ್ದರೆ ಸಾಕು ಎಂಬ ತೀರ್ಮಾನ ನಮ್ಮಲ್ಲಿ ಯಾರೂ ಕೂತು ಮಾಡಿದ್ದಲ್ಲ, ತಾನಾಗಿ ಬೇರೂರಿದೆ. ಈ ತೀರ್ಮಾನ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದೇ ತಕರಾರು ಪಶ್ಚಿಮದ ರಾಕ್ ಸಂಗೀತದಲ್ಲಿ ಬಹಳ ವರ್ಷದಿಂದ ನಡೆದಿದೆ. ಅಲ್ಲಿ ಗಿಟಾರು ಹಿಡಿದ ಹುಡುಗರು ಈಗ ಎಂಬತ್ತರ ಮುದುಕರು. ರೋಲಿಂಗ್ ಸ್ಟೋನ್ಸ್ ತಂಡ 2005ರ ನಂತರ 18 ವರ್ಷ ಪೂರ್ತಿ ಹೊಸ ಹಾಡುಗಳ ಆಲ್ಬಮ್ ತರಲಿಲ್ಲ. 2023ರಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ತಂದಾಗ ತಂಡದ ಹಾಡುಗಾರ ಮಿಕ್ ಜಾಗರ್‌ಗೆ 80 ತುಂಬಿತ್ತು. ಬಿಲ್ಲಿ ಜೋಯೆಲ್ ದಾರಿ ಬೇರೆ. 1993ರ ಆಲ್ಬಮ್ ಆದಮೇಲೆ ಅವರು ರಾಕ್ ಹಾಡು ಬರೆಯುವುದನ್ನೇ ಹೆಚ್ಚುಕಡಿಮೆ ಬಿಟ್ಟರು. ಆದರೂ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 2014ರಿಂದ 2024ರವರೆಗೆ, ಕೋವಿಡ್ ಬಿಡುವು ಬಿಟ್ಟರೆ, ತಿಂಗಳಿಗೊಂದರಂತೆ ಹಳೆಯ ಹಾಡುಗಳ ಕಛೇರಿ ನಡೆಸಿದರು, ಪ್ರತಿ ಸಲವೂ ಸಭಾಂಗಣ ತುಂಬಿತು. ಜನಕ್ಕೆ ಹಳೆಯದೇ ಬೇಕು ಎನ್ನುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಿಕ್ಕಿಲ್ಲ. ಅದೇ ಬಿಲ್ಲಿ ಜೋಯೆಲ್ 2024ರ ಫೆಬ್ರುವರಿಯಲ್ಲಿ, 74ನೇ ವಯಸ್ಸಿನಲ್ಲಿ, ಮತ್ತೊಂದು ಹೊಸ ಹಾಡು ತಂದರು ಎಂಬುದನ್ನೂ ಹಾಗೆನ್ನುವವರು ನೆನಪಿಡಬೇಕು.

ನಮ್ಮ ಕಡೆಯ ಹಾಡಕಿಯನ್ನು ಹತ್ತಿರದಿಂದ ಕಂಡವರಿಗೆ ಹಿರಿಯರು ಹೊಸದು ಕಟ್ಟಬೇಕೇ ಎಂಬ ಪ್ರಶ್ನೆಯೇ ವಿಚಿತ್ರ ಎನಿಸಬೇಕು. ಹರದೇಶಿ-ನಾಗೇಶಿ ಎಂದರೆ ಹೊಸದು ಕಟ್ಟದೆ ನಡೆಯುವ ಆಟವೇ ಅಲ್ಲ. ಎರಡು ಮ್ಯಾಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಶಿವನ, ಗಂಡಿನ ಪಕ್ಷ. ನಾಗೇಶಿಯವರು ಶಕ್ತಿಯ, ಹೆಣ್ಣಿನ ಪಕ್ಷ. ರಾತ್ರಿ ಶುರುವಾದ ವಾದ ಬೆಳಗಿನ ಜಾವಕ್ಕೂ ಮುಗಿಯುವುದಿಲ್ಲ. ಮುಂದಾಳು ಡಪ್ಪು ಬಾರಿಸುತ್ತಾ ಪದ ಎತ್ತುತ್ತಾನೆ, ಹಿಂದಿನವರಲ್ಲಿ ಒಬ್ಬ ತುಂತುಣಿ ಮೀಟುತ್ತಾನೆ, ಇನ್ನೊಬ್ಬ ತಾಳ ಹಾಕುತ್ತಾನೆ, ಸೊಲ್ಲು ಮುಗಿದಲ್ಲಿ ಇಬ್ಬರೂ ಕೂಡಿ ‘ಗೀ ಗೀ’ ಎಂದು ಎತ್ತಿಕೊಳ್ಳುತ್ತಾರೆ. ಚಳಿಗೆ ಡಪ್ಪಿನ ಚರ್ಮ ಸಡಿಲಾದರೆ ಕಣಿಕೆಗೆ ಬೆಂಕಿ ಹಚ್ಚಿ ಕಾಯಿಸುತ್ತಾರೆ. ಬೆರಳಿನಿಂದ ತಟ್ಟಿ ನೋಡಿ, ನಾದ ಗಟ್ಟಿಯಾಯಿತು ಎಂದಮೇಲೆ ಮತ್ತೆ ಕಣಕ್ಕೆ. ಅಷ್ಟರಲ್ಲಿ ಎದುರಿನವರ ಸವಾಲಿಗೆ ಜವಾಬು ತಯಾರಾಗಿರಬೇಕು. ಕೇಳಿದ ಪ್ರಶ್ನೆ ಕಟ್ಟಿಟ್ಟ ವಹಿಯಲ್ಲಿ ಇಲ್ಲದಿದ್ದರೆ ಅಲ್ಲೇ ನಿಂತಲ್ಲಿ ನುಡಿ ಹೊಂದಿಸಬೇಕು. ಪುರಾಣ ಗೊತ್ತಿರಬೇಕು, ಪ್ರಾಸ ಕೈಗೆ ಸಿಗಬೇಕು, ಎದುರಾಳಿಯ ಮಾತಿನ ಬಿರುಕು ಕಾಣಬೇಕು. ಇದು ಇಪ್ಪತ್ತರ ಹುಡುಗನಿಗಿಂತ ಅರವತ್ತರ ಹಿರಿಯನಿಗೆ ಚೆನ್ನಾಗಿ ಒಲಿಯುವ ವಿದ್ಯೆ. ನೂರಾರು ರಾತ್ರಿ ಹಾಡಿದವನಿಗೆ ಯಾವ ಸವಾಲು ಯಾವ ದಿಕ್ಕಿನಿಂದ ಬರುತ್ತದೆ ಎಂಬ ಅಂದಾಜು ಇರುತ್ತದೆ.

ಪದದ ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಕಟ್ಟಿದ ಕವಿಯ ಹೆಸರು ಬರುತ್ತವೆ. ಇವತ್ತಿಗೂ ಎಷ್ಟೋ ಹಳೆಯ ಕವಿಗಳು ನಮಗೆ ಗೊತ್ತಿರುವುದು ಆ ಒಂದು ನುಡಿಯಿಂದಲೇ. ರಾಮದುರ್ಗದ ಕಡೆಯ ಹುಲಕುಂದದ ಕವಿಗಳು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಕಟ್ಟಿದ ಗೀಗೀ ಪದಗಳು ಊರೂರು ತಿರುಗಿದವು. ಅವರು ತಮ್ಮ ಹಿರಿಯರ ಪದಗಳನ್ನಷ್ಟೇ ಹಾಡಿಕೊಂಡು ಕೂತಿದ್ದರೆ ಗಾಂಧಿಯ ಮಾತು ಓದು ಬಾರದ ಒಕ್ಕಲಿಗನ ಕಿವಿಗೆ ಅಷ್ಟು ಬೇಗ ಮುಟ್ಟುತ್ತಿರಲಿಲ್ಲ.

ಇದಕ್ಕೆ ಎದುರಾಗಿ ಶ್ರೀಕೃಷ್ಣ ಪಾರಿಜಾತವನ್ನು ತೋರಿಸುವವರಿದ್ದಾರೆ. ಅಪರಾಳ ತಮ್ಮಣ್ಣ ಬರೆದದ್ದು, ಕುಲಗೋಡ ತಮ್ಮಣ್ಣ ರಂಗಕ್ಕೆ ಹೊಂದಿಸಿದ್ದು ಎಂದು ಬಲ್ಲವರು ಹೇಳುವ ಆ ಆಟದ ಪದಗಳು ತಲೆಮಾರುಗಳಿಂದ ಅವೇ. ಕುಲಗೋಡ ಇದೇ ಸೀಮೆಯ ಊರು. ಹೆಂಗಸು ರಂಗದ ಮೇಲೆ ನಿಲ್ಲುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಪಾರಿಜಾತದಿಂದ ಹೆಸರಾದ ನಿಂಗಮ್ಮನ ಕೌಜಲಗಿಯೂ ಇದೇ ಸೀಮೆಯದು. ಅದೇ ಸತ್ಯಭಾಮೆ, ಅದೇ ರುಕ್ಮಿಣಿ, ಅದೇ ಹೂವಿನ ಜಗಳ. ಹೊಸ ಹಾಡಿಲ್ಲದೆಯೂ ಆಟ ಬದುಕಿಲ್ಲವೇ ಎಂದು ಅವರು ಕೇಳುತ್ತಾರೆ.

ಬದುಕಿದೆ. ಆದರೆ ಪಾರಿಜಾತ ನೋಡಿದವರಿಗೆ ಗೊತ್ತು, ಜನ ಕಾಯುವುದು ಭಾಗವತ ಮತ್ತು ದೂತಿ ಮಾತಿಗೆ ನಿಲ್ಲುವ ಹೊತ್ತಿಗಾಗಿ. ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಊರ ಗೌಡರ ಸುದ್ದಿ, ಮಳೆ ಬಾರದ ಸುದ್ದಿ, ಕಾರ್ಖಾನೆ ಕಬ್ಬಿನ ಬಿಲ್ಲು ಕೊಡದ ಸುದ್ದಿ ದ್ವಾರಕೆಯೊಳಗೆ ಬಂದು ಹೋಗುತ್ತದೆ. ಪದ ಹಳೆಯದು, ಮಾತು ಆ ರಾತ್ರಿಯದು. ಆ ಮಾತನ್ನು ಕಟ್ಟುವವರು ಸಾಮಾನ್ಯವಾಗಿ ಮ್ಯಾಳದ ಅತಿ ಹಿರಿಯರೇ. ಹಳೆಯದನ್ನು ಕಾಪಾಡುವ ಆಟ ಕೂಡ ಹಿರಿಯರ ಹೊಸ ಮಾತಿನ ಆಸರೆಯಲ್ಲಿ ನಿಂತಿದೆ.

ಇನ್ನು ಇಡೀ ಕರ್ನಾಟಕಕ್ಕೆ ಗೊತ್ತಿರುವ ಉದಾಹರಣೆ ತುಕ್ಕಾನಟ್ಟಿಗೆ ದೂರದ್ದಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 1964ರಲ್ಲಿ ‘ಹೇಳತೇನ ಕೇಳ’ ಲಾವಣಿಯನ್ನು ತಂದರು. ಬೆಳಗಾವಿ ಕಡೆಯ ಆಡುಮಾತಿನಲ್ಲಿ ಇಷ್ಟು ದೊಡ್ಡ ಪದ್ಯ ಬರೆಯಬಹುದು ಎಂದು ಓದುಗರಿಗೆ ಗೊತ್ತಾದದ್ದು ಆಗ. ಅವರು ಬರೆದು ಸುಮ್ಮನಾದವರಲ್ಲ, ವೇದಿಕೆಯ ಮೇಲೆ ಎಷ್ಟೋ ಸಲ ಪಕ್ಕವಾದ್ಯವೂ ಇಲ್ಲದೆ ಎತ್ತಿದ ಕಂಠದಲ್ಲಿ ಹಾಡಿದವರು. ಮುಂದೆ ‘ಜೋಕುಮಾರಸ್ವಾಮಿ’ ನಾಟಕ, ಆಮೇಲೆ ‘ಕಾಡು ಕುದುರೆ’ ಸಿನಿಮಾ. ಆ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಂದಿನಿಂದ ಕಂಬಾರರು ಎಲ್ಲಿ ಮೈಕಿನ ಮುಂದೆ ನಿಂತರೂ ಸಭೆಯ ಬೇಡಿಕೆ ಒಂದೇ: ಆ ಹಾಡು ಹೇಳಿ.

ಒಬ್ಬ ಮನುಷ್ಯನಿಗೆ ಅಷ್ಟು ಸಾಕಾಗಿತ್ತು. ನಲವತ್ತರ ಆಸುಪಾಸಿನವರೆಗೆ ಕಟ್ಟಿದ ಪದಗಳನ್ನೇ ಹಾಡುತ್ತಾ ಸನ್ಮಾನದ ಶಾಲು ಹೊದ್ದುಕೊಂಡು ಉಳಿದ ಆಯುಷ್ಯ ಕಳೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ‘ಸಿರಿಸಂಪಿಗೆ’ಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಪ್ಪತ್ತರ ಹೊತ್ತಿಗೆ ‘ಶಿಖರಸೂರ್ಯ’ದಂಥ ಭಾರಿ ಕಾದಂಬರಿ ಬಂತು. ‘ಎಲ್ಲಿದೆ ಶಿವಾಪುರ’ ಎಂದು ಮತ್ತೆ ಕವಿತೆಗೆ ಮರಳಿದರು. 2010ರ ಸಾಲಿನ ಜ್ಞಾನಪೀಠ ಬಂದಮೇಲೂ ‘ಶಿವನ ಡಂಗುರ’, ‘ಚಾಂದಬೀ ಸರ್ಕಾರ’ ಬಂದವು. ಶಿವಾಪುರ ಅವರ ಬರಹಗಳ ಕಲ್ಪಿತ ಊರು. ತರುಣ ಕಂಬಾರರ ಶಿವಾಪುರದಲ್ಲಿ ಕಾಮ ಮತ್ತು ಫಲವತ್ತತೆಯ ಉನ್ಮಾದವಿದೆ. ಮುಪ್ಪಿನ ಕಂಬಾರರ ಶಿವಾಪುರದಲ್ಲಿ ಹಾಳಾಗುತ್ತಿರುವ ಹೊಲ, ದುಡ್ಡು ಬಂದಮೇಲೆ ಬದಲಾದ ಊರು, ಮರೆತು ಹೋಗುತ್ತಿರುವ ನೆನಪುಗಳಿವೆ. ಎಲ್ಲವೂ ‘ಹೇಳತೇನ ಕೇಳ’ದ ಎತ್ತರಕ್ಕೆ ಏರಿವೆ ಎಂದು ನಾನು ಹೇಳುವುದಿಲ್ಲ. ಆದರೆ ಮೊದಲ ಶಿವಾಪುರವನ್ನು ಕಟ್ಟಿದವರು ಮಾತ್ರವೇ ಅದು ಮುರಿಯುವುದನ್ನು ಅಷ್ಟು ನೋವಿನಿಂದ ಬರೆಯಬಲ್ಲರು. ಅರ್ಧಕ್ಕೇ ನಿಲ್ಲಿಸಿದ್ದರೆ ಆ ಕಥೆಯ ದ್ವಿತೀಯಾರ್ಧ ನಮಗೆ ಸಿಗುತ್ತಿರಲಿಲ್ಲ.

ಪಶ್ಚಿಮದಲ್ಲೂ ಹೀಗೆ ನಿಲ್ಲಿಸದವರಿದ್ದಾರೆ. ಅಮೆರಿಕದ ಹಾಡುಗಾರ ಬಾಬ್ ಡಿಲನ್ 2020ರಲ್ಲಿ, 78ನೇ ವಯಸ್ಸಿನಲ್ಲಿ, ಅಧ್ಯಕ್ಷ ಕೆನಡಿಯ ಹತ್ಯೆಯ ಮೇಲೆ ಸುಮಾರು 17 ನಿಮಿಷದ ಹಾಡು ಬಿಡುಗಡೆ ಮಾಡಿದರು. ಅದರ ಗತ್ತು ಕೇಳಿದರೆ ನಮ್ಮ ಲಾವಣಿಕಾರನಿಗೆ ಪರಕೀಯ ಎನಿಸುವುದಿಲ್ಲ: ಒಂದು ಸಾವು, ಅದರ ಸುತ್ತ ಒಂದು ಕಾಲದ ಪೂರ್ತಿ ಕಥೆ. ಆಮೇಲೆ ಊರೂರು ಸುತ್ತಿದ ಕಛೇರಿಗಳಲ್ಲಿ ಹೆಚ್ಚಾಗಿ ಆ ಹಾಡಿದ್ದ ಹೊಸ ಆಲ್ಬಮ್ಮಿನ ಪದಗಳನ್ನೇ ಹಾಡಿದರು. ಹಳೆಯದನ್ನು ಕೇಳಲು ಬಂದವರಲ್ಲಿ ಎಷ್ಟೋ ಮಂದಿ ಬೇಸರಪಟ್ಟರು. ಡಿಲನ್ ಜಗ್ಗಲಿಲ್ಲ. ಇನ್ನೊಬ್ಬ ಹಾಡುಗಾರ ಲಿಯೊನಾರ್ಡ್ ಕೋಹೆನ್ ಬದುಕಿರುವಾಗಿನ ತಮ್ಮ ಕೊನೆಯ ಆಲ್ಬಮ್ ತಂದದ್ದು 2016ರ ಅಕ್ಟೋಬರ್ 21ಕ್ಕೆ, ತೀರಿಕೊಂಡದ್ದು ನವೆಂಬರ್ 7ಕ್ಕೆ, 82ನೇ ವಯಸ್ಸಿನಲ್ಲಿ. ಸಾವು ಹೊಸ್ತಿಲಿಗೆ ಬಂದಾಗ ಕಟ್ಟಿದ ಪದವನ್ನು ಪ್ರಾಯದಲ್ಲಿ ಕಟ್ಟಿಡಲು ಆಗುವುದಿಲ್ಲ.

ಕಂಠದ ಮಾತೂ ಇದೆ. ಅದನ್ನು ಹಾಡುವವರು ಬಿಟ್ಟು ಬೇರೆಯವರು ಯೋಚಿಸುವುದು ಕಡಿಮೆ. ಪ್ರಾಯದಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಕಾಳಿ ಮೂರರಲ್ಲಿ ನಿಂತು ಹಾಡಿದವರು ಅರವತ್ತರ ಮೇಲೆ ಕಾಳಿ ಒಂದಕ್ಕೆ ಇಳಿಯುತ್ತಾರೆ. ಉಸಿರು ಗಿಡ್ಡವಾಗುತ್ತದೆ. ಏರಿನಲ್ಲಿ ಎಳೆದು ನಿಲ್ಲಿಸುತ್ತಿದ್ದ ಸ್ವರ ಈಗ ಬಿರಿಯುತ್ತದೆ. ಎಳೆಯ ಕಂಠಕ್ಕೆ ಅಳತೆ ಮಾಡಿ ಕಟ್ಟಿದ ಹಳೆಯ ಪದವನ್ನೇ ಮತ್ತೆ ಮತ್ತೆ ಹಾಡಿಸಿದರೆ ಪ್ರತಿ ಸಲವೂ ಹಿಂದಿನ ದನಿಯ ಜೊತೆ ಹೋಲಿಕೆ ಶುರುವಾಗುತ್ತದೆ, ಹಾಡುವವರು ಸೋಲುತ್ತಾ ಹೋಗುತ್ತಾರೆ. ಹೊಸ ಪದದಲ್ಲಿ ಆ ಕಷ್ಟವಿಲ್ಲ. ನುಡಿಯನ್ನು ಗಿಡ್ಡ ಮಾಡಿಕೊಳ್ಳಬಹುದು, ಎತ್ತರದ ಸ್ವರದ ಜಾಗದಲ್ಲಿ ಮಾತಿನ ಲಯ ತರಬಹುದು, ಉಸಿರು ತೆಗೆದುಕೊಳ್ಳುವ ಜಾಗವನ್ನು ತಾವೇ ಇಟ್ಟುಕೊಳ್ಳಬಹುದು. ವಯಸ್ಸಾದ ದನಿಗೆ ತಕ್ಕ ಹಾಡು ಬೇಕೆಂದರೆ ಅದನ್ನು ಆ ವಯಸ್ಸಿನವರೇ ಕಟ್ಟಬೇಕು.

ಹಿರಿಯರ ಹೊಸ ಪದಗಳಲ್ಲಿ ಜೊಳ್ಳು ಇರುತ್ತದೆ, ನಿಜ. ಪ್ರಾಯದವರ ಪದಗಳಲ್ಲಿ ಇಲ್ಲವೇ? ಡಿಜೆ ಜಾನಪದದಲ್ಲಿ ಹತ್ತಕ್ಕೆ ಒಂಬತ್ತು ಮುಂದಿನ ಹಂಗಾಮಿಗೆ ಉಳಿಯುವುದಿಲ್ಲ, ಆದರೂ ಅವರಿಗೆ ಯಾರೂ ನಿಲ್ಲಿಸಿ ಎನ್ನುವುದಿಲ್ಲ. ಹುಡುಗರಿಗೆ ಕೊಟ್ಟ ಸಲುಗೆಯನ್ನು ಹಿರಿಯರಿಗೂ ಕೊಡಬೇಕು ಎಂದಷ್ಟೇ ನನ್ನ ವಾದ. ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಂಥ ಕೇಂದ್ರದಿಂದ ಹೊಸ ತಳಿ ಒಯ್ದ ರೈತ ಒಂದು ಹಂಗಾಮು ಬೆಳೆದು ನೋಡುತ್ತಾನೆ, ಆಮೇಲೆ ಬೇಕು ಬೇಡ ಹೇಳುತ್ತಾನೆ. ಪದಕ್ಕೂ ಒಂದು ಹಂಗಾಮಿನ ಅವಕಾಶ ಕೊಡಲು ಅಡ್ಡಿ ಏನು?

ಬಿಲ್ಲಿ ಜೋಯೆಲ್‌ರಂತೆ ಒಳಗಿನಿಂದ ಬರಲಿಲ್ಲ ಎಂದು ನಿಲ್ಲಿಸಿದವರನ್ನು ದೂರುವುದು ಸಲ್ಲ. ಅದು ಹಾಡುವವರ ಹಕ್ಕು. ನನ್ನ ಸಿಟ್ಟು ಇರುವುದು ಕಟ್ಟುವ ಆಸೆ ಇದ್ದವರನ್ನು ಕೇಳುವವರು ನಿಲ್ಲಿಸುವುದರ ಮೇಲೆ. ಸರಕಾರ 58 ದಾಟಿ ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಕೊಡಲೇಬೇಕು, ಹೆಚ್ಚೂ ಮಾಡಬೇಕು. ಆದರೆ ಮಾಸಾಶನ ಪಡೆಯುವ ಹಾಡುಗಾರ್ತಿಯನ್ನು ಕರೆದು ‘ಈ ವರ್ಷ ಏನು ಹೊಸದು ಕಟ್ಟೀರಿ, ಅವ್ವಾ’ ಎಂದು ಕೇಳುವವರು ಎಲ್ಲಿದ್ದಾರೆ? ಪ್ರಶಸ್ತಿಯ ಅರ್ಜಿಯೂ ಕೇಳುವುದು ಹಿಂದಿನ ಸಾಧನೆಯನ್ನು, ಸನ್ಮಾನದ ಭಾಷಣವೂ ಹಿಂದಿನದನ್ನೇ.

ಹೀಗಾಗಿ ನನ್ನ ಮಾತು ಜಾತ್ರಾ ಕಮಿಟಿಯವರಿಗೆ. ಈ ಸಲ ಮ್ಯಾಳಕ್ಕೆ ವೀಳ್ಯ ಕೊಡಲು ಹೋದಾಗ ಹಿರಿಯ ಹಾಡುಗಾರರಿಗೆ ಎರಡು ತಿಂಗಳು ಮೊದಲೇ ಹೇಳಿ ಬನ್ನಿ: ‘ಹೊಸಾದೊಂದು ಕಟ್ಟಿಕೊಂಡು ಬರ್ರಿ.’ ಅದಕ್ಕೆ ಬೇರೆಯಾಗಿ ನಾಲ್ಕು ಕಾಸು ಕೊಡಿ. ಜನ ತೂಕಡಿಸುವ ನಡುರಾತ್ರಿಗೆ ಆ ಪದವನ್ನು ನೂಕಬೇಡಿ, ಒಂಬತ್ತು ಗಂಟೆಗೆ, ಹೆಂಗಸರು ಮಕ್ಕಳು ಎಲ್ಲ ಕೂತಿರುವಾಗ ಹಾಡಿಸಿ. ಡಿಜೆಯ ಹುಡುಗರ ಹತ್ತಿರ ಒಳ್ಳೆಯ ಮೈಕು, ಮೊಬೈಲು ಎರಡೂ ಇವೆ. ಅವರಿಂದಲೇ ಧ್ವನಿಮುದ್ರಣ ಮಾಡಿಸಿ, ಕೊನೆಯ ನುಡಿಯ ಹೆಸರನ್ನು ಕತ್ತರಿಸದೆ ಯೂಟ್ಯೂಬಿಗೆ ಹಾಕಿಸಿ. ಕೇಳಲು ಬಂದವರೇ, ಆ ಒಂದು ಪದ ಮುಗಿಯುವವರೆಗೆ ಚಹಾಕ್ಕೆ ಏಳಬೇಡಿ.