ವಾರಕ್ಕೊಂದು ಕಾಸು, ದಿನಕ್ಕೊಂದು ಜಪ

ದೂರದೇಶಗಳಲ್ಲಿ ಧರ್ಮಪ್ರಚಾರ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಡಲು ದಾಟಿ ಬಂದ ಪಾದ್ರಿಯ ಚಿತ್ರ. ಆತ ಕಲಿತ ಭಾಷೆ, ಕಟ್ಟಿದ ಶಾಲೆ, ಕೆಲವೊಮ್ಮೆ ತೆತ್ತ ಪ್ರಾಣ ಇವೆಲ್ಲ ಚರಿತ್ರೆಯಲ್ಲಿ ದಾಖಲಾಗಿವೆ. ಆದರೆ ಆತನ ಹಡಗಿನ ಖರ್ಚನ್ನು ಕೊಟ್ಟವರು ಯಾರು? ಆತ ಕಣ್ಮರೆಯಾದ ಮೇಲೆ ದಿನವೂ ಅವನನ್ನು ನೆನೆದವರು ಯಾರು? ಕಥೋಲಿಕ ಧರ್ಮಸಭೆ ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೊಂದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಆ ಉತ್ತರ ಹುಟ್ಟಿದ್ದು ಫ್ರಾನ್ಸಿನ ಲಿಯೋನ್ ನಗರದಲ್ಲಿ, ರೇಷ್ಮೆಯ ಕೆಲಸಗಾರರ ನಡುವೆ.

ಅಲ್ಲಿನ ರೇಷ್ಮೆ ವ್ಯಾಪಾರಿಯೊಬ್ಬರ ಮಗಳು ಪೌಲಿನ್ ಜರಿಕೊ. ಹುಟ್ಟಿದ್ದು 1799ರಲ್ಲಿ. ಸಿರಿವಂತರ ಉಡುಗೆತೊಡುಗೆಗಳಲ್ಲಿ ಬೆಳೆದ ಈಕೆ ಹದಿನೇಳನೆಯ ವಯಸ್ಸಿನಲ್ಲಿ ಒಂದು ಧರ್ಮೋಪದೇಶವನ್ನು ಕೇಳಿ ಸರಳವಾದ ಬದುಕಿಗೆ ತಿರುಗಿದಳು. ಪ್ಯಾರಿಸಿನಲ್ಲಿ ಗುರುದೀಕ್ಷೆಗಾಗಿ ಓದುತ್ತಿದ್ದ ಅಣ್ಣ ಫಿಲೆಯಾಸ್, ಅಲ್ಲಿನ ವಿದೇಶ ಮಿಷನ್ ಸಂಸ್ಥೆಯ ಬಡತನವನ್ನು ಆಕೆಗೆ ತಿಳಿಸಿದ. ಫ್ರೆಂಚ್ ಕ್ರಾಂತಿಯ ಪೆಟ್ಟಿನಿಂದ ಆ ಸಂಸ್ಥೆ ಇನ್ನೂ ಚೇತರಿಸಿಕೊಂಡಿರಲಿಲ್ಲ. ಅದು ನಮಗೂ ಅಪರಿಚಿತವಾದ ಸಂಸ್ಥೆಯಲ್ಲ. ಮೈಸೂರು ಸೀಮೆಯಲ್ಲಿ ಬಹುಕಾಲ ದುಡಿದು, ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತು ಪ್ರಸಿದ್ಧ ಗ್ರಂಥವನ್ನು ಬರೆದು, 1823ರಲ್ಲಿ ಸ್ವದೇಶಕ್ಕೆ ಮರಳಿದ ಅಬ್ಬೆ ದುಬ್ವಾ ಅದಕ್ಕೇ ಸೇರಿದವರು.

1819ರ ಸುಮಾರಿಗೆ ಪೌಲಿನಳಿಗೆ ಹೊಳೆದ ಉಪಾಯ ಮಗುವಿಗೂ ತಿಳಿಯುವಂಥದು. ಒಬ್ಬರು ಹತ್ತು ಮಂದಿಯನ್ನು ಕೂಡಿಸಬೇಕು. ಪ್ರತಿಯೊಬ್ಬರೂ ವಾರಕ್ಕೊಂದು ‘ಸೂ’ ಕೊಡಬೇಕು. ಸೂ ಎಂದರೆ ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲು, ಆ ಕಾಲದ ಪುಡಿಗಾಸು. ಹತ್ತರ ಗುಂಪಿನ ಹಣ ನೂರರ ಮುಖ್ಯಸ್ಥರಿಗೆ, ಅಲ್ಲಿಂದ ಸಾವಿರದ ಮುಖ್ಯಸ್ಥರಿಗೆ, ಅಲ್ಲಿಂದ ಕೇಂದ್ರಕ್ಕೆ. ಮೊದಮೊದಲು ಕೂಡಿಕೊಂಡವರಲ್ಲಿ ರೇಷ್ಮೆ ಕಾರ್ಖಾನೆಯ ಹೆಣ್ಣುಮಕ್ಕಳಿದ್ದರು. ಹನಿಗೂಡಿದರೆ ಹಳ್ಳ ಎಂಬುದು ನಾವೆಲ್ಲ ಬಲ್ಲ ಮಾತು. ನನಗೆ ಇಲ್ಲಿ ಹಳ್ಳಕ್ಕಿಂತ ಹನಿಯೇ ದೊಡ್ಡದಾಗಿ ಕಾಣುತ್ತದೆ. ಸಾವಿರ ಕೊಟ್ಟ ಧನಿಕ ತನ್ನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿಯಾನು. ಸೂ ಕೊಟ್ಟವಳಿಗೆ ಅಂಥ ಹಕ್ಕಿಲ್ಲ. ಮುಂದಿನ ವಾರ ಮತ್ತೊಂದನ್ನು ಕೊಡುವ ಹೊಣೆ ಮಾತ್ರ ಇದೆ.

ಹಣದೊಡನೆ ಇನ್ನೊಂದು ನಿಯಮವೂ ಇತ್ತು. ಸದಸ್ಯರು ಪ್ರತಿದಿನ ಒಂದು ಪರಲೋಕ ಜಪವನ್ನೂ ಒಂದು ನಮೋ ಮರಿಯಾ ಜಪವನ್ನೂ ಹೇಳಿ, ಸಂತ ಫ್ರಾನ್ಸಿಸ್ ಕ್ಸೇವಿಯರರನ್ನು ನೆನೆಯಬೇಕು. ಕಾಸು ವಾರಕ್ಕೊಮ್ಮೆ, ಜಪ ದಿನಕ್ಕೊಮ್ಮೆ. ಜಪವಿಲ್ಲದ ಕಾಸು ಬರಿಯ ವಂತಿಗೆಯಾದೀತು. ಕಾಸಿಲ್ಲದ ಜಪ ಬಾಯಿಮಾತಿನ ಅನುಕಂಪವಾದೀತು.

1822ರ ಮೇ 3ರಂದು ಲಿಯೋನಿನಲ್ಲಿ ಈ ಪ್ರಯತ್ನ ಒಂದು ಸಂಘದ ರೂಪವನ್ನು ತಾಳಿತು. ಅಮೆರಿಕದ ಲೂಯಿಸಿಯಾನಾ ಪ್ರಾಂತ್ಯದ ಧರ್ಮಾಧ್ಯಕ್ಷರಿಗೂ ನೆರವು ಬೇಕಾಗಿತ್ತು. ಒಂದೊಂದು ದೇಶಕ್ಕೆ ಒಂದೊಂದು ಸಂಘವೇಕೆ, ಇಡೀ ಜಗತ್ತಿಗೆ ಒಂದೇ ಸಾಕು ಎಂದು ಅಂದು ಕೂಡಿದವರು ತೀರ್ಮಾನಿಸಿದರು. ಮೊದಲ ವರ್ಷ ಒದಗಿದ್ದು ಸುಮಾರು 23,000 ಫ್ರಾಂಕು. ಸೂ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷಕ್ಕೂ ಮೇಲೆ. ಅದನ್ನು ಪೂರ್ವದೇಶಗಳು, ಲೂಯಿಸಿಯಾನಾ, ಕೆಂಟಕಿ ಎಂದು ಮೂರು ಪಾಲು ಮಾಡಿದರು. ಅಂದು ಕೈಯೊಡ್ಡಿದ ಅಮೆರಿಕವೇ ಇಪ್ಪತ್ತನೆಯ ಶತಮಾನದಲ್ಲಿ ಇದೇ ನಿಧಿಗೆ ಧಾರಾಳವಾಗಿ ಕೊಡುವ ದೇಶವಾಯಿತು.

ಸಾಹಿತ್ಯಾಸಕ್ತರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮಿಷನರಿಗಳ ಪತ್ರಗಳನ್ನು ಸಂಘವು ‘ಆನಾಲ್’ ಎಂಬ ಪತ್ರಿಕೆಯಲ್ಲಿ ಅಚ್ಚುಮಾಡಿಸುತ್ತಿತ್ತು. ಹತ್ತು ಜನರಿಗೆ ಒಂದು ಪ್ರತಿ. ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸಬೇಕು. ಊರು ಬಿಟ್ಟು ಹೋಗದ ಕೆಲಸಗಾರರ ಮನೆಗಳಿಗೆ ಚೀನಾದ ನದಿಗಳೂ ಅಮೆರಿಕದ ಅರಣ್ಯಗಳೂ ಹೀಗೆ ಅಕ್ಷರರೂಪದಲ್ಲಿ ಬಂದವು. ಕಾಣದವರಿಗಾಗಿ ಪ್ರಾರ್ಥಿಸುವುದು ಕಷ್ಟ; ಪತ್ರ ಓದಿದ ಮೇಲೆ ಅವರು ಕಾಣದವರಾಗಿ ಉಳಿಯುವುದಿಲ್ಲ.

ಪ್ರಾರ್ಥನೆಯ ಪಾಲಿಗೆ ಧರ್ಮಸಭೆ ಎಷ್ಟು ಬೆಲೆ ಕೊಟ್ಟಿತೆಂಬುದಕ್ಕೆ 1927ರ ಒಂದು ಘೋಷಣೆಯೇ ಸಾಕ್ಷಿ. ಆ ವರ್ಷ ಪೋಪ್ ಹನ್ನೊಂದನೆಯ ಪಯಸ್, ಗೋವೆಯಿಂದ ಜಪಾನಿನವರೆಗೆ ಅಲೆದ ಕ್ಸೇವಿಯರರ ಸಮಕ್ಕೆ ಲಿಸಿಯೂವಿನ ಸಂತ ತೆರೇಸಳನ್ನೂ ಮಿಷನ್‌ಗಳ ಪಾಲಕಿಯೆಂದು ಸಾರಿದರು. ಈಕೆ ಹದಿನೈದನೆಯ ವಯಸ್ಸಿಗೆ ಕನ್ಯಾಮಠವನ್ನು ಹೊಕ್ಕು, ಅಲ್ಲಿಂದ ಹೊರಗೆ ಬಾರದೆ ಇಪ್ಪತ್ತನಾಲ್ಕಕ್ಕೆ ತೀರಿಕೊಂಡವಳು. ಚೀನಾಕ್ಕೂ ಆಫ್ರಿಕಕ್ಕೂ ಹೊರಟ ಇಬ್ಬರು ಗುರುಗಳಿಗಾಗಿ ಪ್ರಾರ್ಥಿಸುವುದು, ಅವರಿಗೆ ಪತ್ರ ಬರೆಯುವುದು, ಇಷ್ಟೇ ಆಕೆಯ ದೇಶಾಟನ.

ಪರದೇಶದ ಹಣವೆಂದರೆ ಸಂಶಯಪಡುವವರು ನಮ್ಮಲ್ಲಿದ್ದಾರೆ. ಆ ಸಂಶಯ ನಿರಾಧಾರವೆಂದು ನಾನು ಹೇಳಲಾರೆ. ಮಿಷನ್‌ಗಳ ಚರಿತ್ರೆ ಸಾಮ್ರಾಜ್ಯಗಳ ಚರಿತ್ರೆಯೊಡನೆ ಹಲವೆಡೆ ಹೆಣೆದುಕೊಂಡಿದೆ. ಮಿಷನರಿಯು ತನ್ನ ರಾಷ್ಟ್ರದ ಹಿತಕ್ಕಾಗಿ ದುಡಿಯಬಾರದು, ಆಯಾ ನಾಡಿನ ಗುರುಗಳನ್ನೇ ಸಿದ್ಧಗೊಳಿಸಬೇಕು ಎಂದು ಪೋಪ್ ಹದಿನೈದನೆಯ ಬೆನೆಡಿಕ್ಟ್ 1919ರಲ್ಲಿ ಎಚ್ಚರಿಸಬೇಕಾಯಿತೆಂದರೆ ರೋಗವಿತ್ತೆಂದೇ ಅರ್ಥ. 1922ರಲ್ಲಿ ಸಂಘದ ಕೇಂದ್ರ ಫ್ರಾನ್ಸನ್ನು ಬಿಟ್ಟು ರೋಮಿಗೆ ಬಂತು. 1926ರಲ್ಲಿ ಮಿಷನ್ ಭಾನುವಾರ ಏರ್ಪಟ್ಟಿತು. ಅಕ್ಟೋಬರಿನ ಕೊನೆಯಿಂದ ಎರಡನೆಯ ಭಾನುವಾರದ ಕಾಣಿಕೆ ಅಂದಿನಿಂದ ಒಂದೇ ನಿಧಿಗೆ ಸೇರುತ್ತದೆ. ನೆರವು ಪಡೆಯುವ ಬಡ ಧರ್ಮಪ್ರಾಂತ್ಯಗಳೂ ಆ ದಿನ ತಮ್ಮ ಪಾಲನ್ನು ಹಾಕುತ್ತವೆ. ಕೊಡುವವರೆಂದೂ ಪಡೆಯುವವರೆಂದೂ ಜನರನ್ನು ಎರಡಾಗಿ ವಿಂಗಡಿಸದ ಈ ಏರ್ಪಾಟೇ ಸಂಶಯಕ್ಕೆ ತಕ್ಕ ಮದ್ದೆಂದು ನನಗೆ ತೋರುತ್ತದೆ.

ಇದನ್ನೆಲ್ಲ ಆರಂಭಿಸಿದವಳ ಗತಿ ಏನಾಯಿತು? ಕಾರ್ಮಿಕರಿಗೆ ನ್ಯಾಯವಾದ ದುಡಿಮೆ ದೊರೆಯಲೆಂದು ಪೌಲಿನ್ ತನ್ನ ಆಸ್ತಿಯನ್ನು ಒಂದು ಕಬ್ಬಿಣದ ಕಾರ್ಖಾನೆಗೆ ಸುರಿದಳು. ನಂಬಿದವರು ಮೋಸಮಾಡಿದರು, ಕಾರ್ಖಾನೆ ಮುಳುಗಿತು. ಸಾಲಗಾರರಿಗೆ ತೀರಿಸುವುದರಲ್ಲೇ ಆಯುಷ್ಯ ಸವೆಯಿತು. ಲಿಯೋನಿನ ನಿರ್ಗತಿಕರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು 1862ರಲ್ಲಿ ಆಕೆ ಕಣ್ಮುಚ್ಚಿದಳು. ಧರ್ಮಸಭೆ ಆಕೆಯನ್ನು ಅದೇ ಊರಿನಲ್ಲಿ ಧನ್ಯೆಯೆಂದು ಸಾರಿದ್ದು 2022ರ ಮೇ ತಿಂಗಳಿನಲ್ಲಿ, ಸಂಘ ಹುಟ್ಟಿ ಇನ್ನೂರು ವರ್ಷವಾದಾಗ. ಲೋಕಕ್ಕೆಲ್ಲ ಕೊಡುವ ಹಾದಿಯನ್ನು ತೋರಿದವಳು ಕೊನೆಗೆ ಪರರ ಕೈಯಿಂದ ಪಡೆದು ಬದುಕಿದಳು. ಆಕೆಗೆ ಆ ದಿನಗಳಲ್ಲಿ ಒಂದೊಂದು ಕಾಸು ಕೊಟ್ಟವರ ಹೆಸರೂ ಎಲ್ಲಿಯೂ ಬರೆದಿಲ್ಲ.