ಲೇತಿನ ಮೇಲೊಂದು ಮನೆ

ಸಂಜೆ ಐದೂವರೆ ದಾಟಿದರೆ ಲಗ್ಗೆರೆಯ ಬೀದಿಗಳು ಹಾಲುಕ್ಕಿದ ಹಾಗೆ ಉಕ್ಕುತ್ತವೆ. ರಿಂಗ್ ರಸ್ತೆಯ ಸೇತುವೆ ಕಡೆಯಿಂದ ಬರುವ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಊಟದ ಬ್ಯಾಗನ್ನು ತೋಳಿಗೆ ಸಿಕ್ಕಿಸಿಕೊಂಡು, ಸೊಪ್ಪಿನ ಗಾಡಿಯ ಮುಂದೆ ಎರಡು ನಿಮಿಷ ನಿಂತು, ದಂಟಿನ ಕಟ್ಟನ್ನು ಎತ್ತಿ ನೋಡಿ, ಬೆಲೆ ಕೇಳಿ ಅಲ್ಲೇ ಇಟ್ಟು, ಮತ್ತೆ ಅದನ್ನೇ ಎತ್ತಿಕೊಂಡು ಮನೆ ಕಡೆ ಹೆಜ್ಜೆ ಹಾಕುತ್ತಾರೆ. ಪೀಣ್ಯದಲ್ಲಿ ಪಾಳಿ ಮುಗಿಸಿದವರ ಬೈಕುಗಳು ಸಿಕ್ಕ ಸಂದಿಯಲ್ಲೇ ತೂರುತ್ತವೆ. ಮಿರ್ಚಿ ಬಾಣಲೆಯ ಎಣ್ಣೆ ವಾಸನೆಯೂ ಲೇತ್ ಅಂಗಡಿಯ ಕೂಲೆಂಟಿನ ವಾಸನೆಯೂ ಕೂಡಿ ಮೂರನೆಯದೊಂದು ವಾಸನೆ ಹುಟ್ಟುತ್ತದೆ. ಕಣ್ಣು ಕಟ್ಟಿ ತಂದು ಬಿಟ್ಟರೂ ಇದು ಬೆಂಗಳೂರಿನ ಯಾವ ಮೂಲೆ ಎಂದು ಮೂಗು ಹೇಳಿಬಿಡುತ್ತದೆ.

ಇಲ್ಲಿ ಎಡಕ್ಕೆ ತಿರುಗಿ. ಜೋಪಾನ, ಉಕ್ಕಿನ ಸುರುಳಿ ಸಿಪ್ಪೆ ಚಪ್ಪಲಿ ತೂರಿ ಚುಚ್ಚೀತು. ಓಣಿಯ ಎರಡೂ ಬದಿಗೆ ಇಪ್ಪತ್ತು-ಮೂವತ್ತರ ಸೈಟುಗಳು, ಒಂದೊಂದರ ಮೇಲೂ ಮೂರು ನಾಲ್ಕು ಅಂತಸ್ತು. ಕೆಳಗೆ ಲೇತು, ಮುಂದಿನ ಆರಡಿಯಲ್ಲಿ ಜೆರಾಕ್ಸ್ ಅಂಗಡಿ, ಮೇಲೆ ಮಾಲೀಕರ ಸಂಸಾರ, ಅದರ ಮೇಲೆ ಬಾಡಿಗೆಯವರು, ತಾರಸಿಯ ಶೀಟಿನ ಕೆಳಗೆ ನಾಲ್ಕು ಹೊಲಿಗೆ ಮಷೀನು. ಲೇತು ತಿರುಗುವಾಗ ಮೊದಲ ಮಹಡಿಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಸಣ್ಣಗೆ ಗಿಣಿಗಿಣಿ ಅನ್ನುತ್ತವೆ. ಮನೆಯವರಿಗೆ ಅದು ಕೇಳಿಸುವುದಿಲ್ಲ, ನಿಂತರೆ ಕೇಳಿಸುತ್ತದೆ.

ಲ್ಯಾಪ್‌ಟಾಪಿನ ಮುರಿದ ಕೀಲು ಕಟ್ಟಿಸಲೆಂದು ನಾನು ಬಂದ ಅಂಗಡಿ ಆ ಸಾಲಿನದೇ. ಅಗಲ ಹತ್ತಡಿ ಇದ್ದೀತು. ಬೆಸುಗೆಯ ಹೊಗೆ, ಮಳೆಗಾಲದ ಸಿಮೆಂಟಿನ ಮುಗ್ಗಲು, ಗೋಡೆಗೆ ಒರಗಿಸಿದ ಕೀಬೋರ್ಡುಗಳ ರಾಶಿ. ಎಸ್.ಪಿ. ರಸ್ತೆಯಿಂದಲೂ ಗುಜರಿಯಿಂದಲೂ ತೂಕದ ಲೆಕ್ಕದಲ್ಲಿ ತಂದ ಯಂತ್ರಗಳ ಹೊಟ್ಟೆ ಬಗೆದು, ಒಂದರ ಅಂಗ ಇನ್ನೊಂದಕ್ಕೆ ಜೋಡಿಸುವುದು ಅಂಗಡಿಯವರ ಕಸುಬು. ಮೂಲೆಯಲ್ಲಿ ಮಾತ್ರ ಡುಬ್ಬ ಬೆನ್ನಿನ ಹಳೇ ಮಾನಿಟರ್ ಒಂದು, ದೇವರ ಪಟದ ಪಕ್ಕದಲ್ಲಿ, ಮಾರಾಟಕ್ಕಿಲ್ಲದ ಗತ್ತಿನಲ್ಲಿ ಕೂತಿದೆ. “ಸುಮ್ನೆ ಇಟ್ಕೊಂಡಿದೀನಿ ಸಾರ್. ಸ್ಕೂಲ್ ಬಿಟ್ಮೇಲೆ ಹುಡುಗ್ರು ಬರ್ತಾವೆ,” ಎಂದರು.

ಅದರ ಮುಂದೆ ಕೂತಿದ್ದವನು ಮೇಲಿನ ಮನೆಯ ಹುಡುಗ, ಆರನೆಯ ಕ್ಲಾಸು. ಪರದೆಯ ಮೇಲೆ ಬಿಳಿ ಬಟ್ಟೆಯ ರಾಜಕುಮಾರ ಕಲ್ಲಿನ ಅಂಚಿಗೆ ಓಡಿ ಬಂದು, ಮುಗ್ಗರಿಸಿದಂತಾಗಿ, ಹಾರಿ, ಬೆರಳ ತುದಿಯಲ್ಲಿ ಜೋತುಬಿದ್ದ. ನನ್ನ ಹೊಟ್ಟೆಯಲ್ಲಿ ಮೂವತ್ತು ವರ್ಷದ ಹಿಂದಿನದೇ ಝಲ್ಲು. ಬೂಟು ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ, ಗರ್ಭಗುಡಿಯಂಥ ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರು ಆಚೆ ಹೋದ ಕೂಡಲೆ ಫ್ಲಾಪಿಯಿಂದ ಹೊರಬರುತ್ತಿದ್ದ ರಾಜಕುಮಾರ ಇವನೇ: ಪ್ರಿನ್ಸ್ ಆಫ್ ಪರ್ಷಿಯಾ. ಜೋರ್ಡನ್ ಮೆಕ್ನರ್ ಎಂಬಾತ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ ಹಾರಿಸಿ ವಿಡಿಯೊ ಮಾಡಿ, ಒಂದೊಂದು ಚೌಕಟ್ಟನ್ನೂ ನೋಡಿ ತಿದ್ದಿ ಗೆರೆ ಎಳೆದದ್ದರಿಂದಲೇ ಆ ಮೈಗೆ ಅಷ್ಟು ತೂಕ ಬಂದದ್ದು. ಆಟ ಹೊರಬಂದದ್ದು 1989ರಲ್ಲಿ, ಆಪಲ್ 2 ಯಂತ್ರಕ್ಕೆ. ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲಿ ಹೋಯಿತೆಂದು ಬರೆದವರಿಗೇ ತಿಳಿದಿರಲಿಲ್ಲ. 2012ರಲ್ಲಿ ಅಪ್ಪನ ಮನೆಯ ಪೆಟ್ಟಿಗೆಯೊಂದರಲ್ಲಿ ಫ್ಲಾಪಿಗಳು ಸಿಕ್ಕವು. ಅಪ್ಪಂದಿರು ಏನನ್ನೂ ಬಿಸಾಡುವುದಿಲ್ಲ, ಎಲ್ಲ ದೇಶದಲ್ಲೂ.

ರಾಜಕುಮಾರನಿಗೆ ಇರುವುದು ಅರವತ್ತೇ ನಿಮಿಷ. ಕೊನೆಗೆ ತನ್ನದೇ ನೆರಳು ಕತ್ತಿ ಹಿಡಿದು ಎದುರು ನಿಲ್ಲುತ್ತದೆ; ಹೊಡೆದರೆ ಪೆಟ್ಟು ತನಗೇ. ಹುಡುಗನಿಗೆ ಹೇಳಿಕೊಡಲು ಬಾಯಿ ತುರಿಸುತ್ತಿತ್ತು. ಕತ್ತಿಯನ್ನು ಒರೆಗೆ ಸೇರಿಸಿದರೆ ಸಾಕು, ನೆರಳು ಬಂದು ಮೈಯೊಳಗೆ ಸೇರಿಕೊಳ್ಳುತ್ತದೆ. ಹೇಳಲಿಲ್ಲ. ನನಗೆ ಅದು ಹೊಳೆಯಲು ಒಂದು ಬೇಸಿಗೆ ರಜೆಯೇ ಬೇಕಾಗಿತ್ತು, ಅವನೂ ಪಡಲಿ.

ಅಷ್ಟರಲ್ಲಿ ಪಕ್ಕದ ಲೇತು ನಿಂತಿತು. ಹತ್ತಿಯ ವೇಸ್ಟಿನಲ್ಲಿ ಕೈ ಒರೆಸುತ್ತ ಟರ್ನರ್ ಬಂದ, ವಿಜಯಪುರದ ಕಡೆಯವನು, ಇಪ್ಪತ್ತೈದರ ಆಸುಪಾಸು. “ನಿಂದಾತಲ್ಲ, ಏಳೋ ತಮ್ಮಾ. ನನ್ನ ಊರು ಹಾಕು.” ಊರೆಂದರೆ ಸಿಮ್‌ಸಿಟಿ, ಊರು ಕಟ್ಟುವ ಆಟ. ಹಳೇ ಆಟವನ್ನು ಈಗಿನ ಯಂತ್ರಕ್ಕೆ ಹಾಗೇ ಬಿಟ್ಟರೆ ವರ್ಷಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಉರುಳಿಹೋಗುತ್ತವೆ. ಅದಕ್ಕೆಂದೇ 2002ರಲ್ಲಿ ಬಂದ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಹೊಸ ಯಂತ್ರದೊಳಗೆ ಹಳೆಯದೊಂದರ ವೇಷ ಕಟ್ಟುತ್ತದೆ, ವೇಗವನ್ನೂ ತಗ್ಗಿಸುತ್ತದೆ. ಪೋಲಿ ದನದ ಕೊರಳಿಗೆ ಕೊರಡು ಕಟ್ಟಿದ ಹಾಗೆ. ಅಂಗಡಿಯವರು ಎರಡು ಕೀಲಿ ಒತ್ತಿ ಹದ ನೋಡಿದರು. ಕಂದು ನೆಲ, ನೀಲಿ ಹೊಳೆ, ಹಸಿರು ಕಾಡು. ಇಸವಿ 1900, ಕೈಯಲ್ಲಿ ಇಪ್ಪತ್ತು ಸಾವಿರ ಡಾಲರ್.

ವಿಲ್ ರೈಟ್ ಈ ಆಟ ಮಾಡಿದ ಕಥೆ ನನಗೆ ಬಹಳ ಇಷ್ಟ. 1984ರ ಅವನ ಮೊದಲ ಆಟದಲ್ಲಿ ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕಬೇಕಿತ್ತು. ಹಾಕುವುದಕ್ಕಿಂತ ಆ ದ್ವೀಪಗಳಿಗೆ ರಸ್ತೆ, ಮನೆ ಜೋಡಿಸುವುದೇ ಅವನಿಗೆ ಹೆಚ್ಚು ಖುಷಿ ಕೊಟ್ಟಿತು. ಗೆಲುವಿಲ್ಲದ ಆಟ ಯಾರಿಗೆ ಬೇಕು ಎಂದು ಪ್ರಕಾಶಕರು ತಿರುಗಿಸಿ ಕಳಿಸಿದರು. ಕೊನೆಗೆ ಗೆಳೆಯನ ಜೊತೆ ಮ್ಯಾಕ್ಸಿಸ್ ಎಂಬ ಕಂಪನಿ ಕಟ್ಟಿ, 1989ರಲ್ಲೇ ಬಿಡುಗಡೆ ಮಾಡಿದ. 2008ರಲ್ಲಿ ಮೂಲ ಬರಹವೂ ಮೈಕ್ರೊಪೊಲಿಸ್ ಎಂಬ ಹಳೇ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು.

ಟರ್ನರ್‌ನ ಕೈ ನೋಡಬೇಕು. ದಿನವಿಡೀ ಕೂದಲೆಳೆಯಷ್ಟು ಉಕ್ಕು ತೆಗೆಯುವ ಬೆರಳು ಮೌಸಿನ ಮೇಲೂ ಅಷ್ಟೇ ಹಗುರ. ಮೊದಲು ಕಲ್ಲಿದ್ದಲ ವಿದ್ಯುತ್ ಸ್ಥಾವರ, ಮೂರು ಸಾವಿರ ಹೋಯಿತು. ಆಮೇಲೆ ಚೌಕ ಚೌಕ: ಹಸಿರು ಅಂದರೆ ವಸತಿ, ನೀಲಿ ಅಂದರೆ ವ್ಯಾಪಾರ, ಹಳದಿ ಅಂದರೆ ಕೈಗಾರಿಕೆ. ನಮ್ಮ ಬಿಡಿಎ ನಕಾಶೆಯಲ್ಲಿ ಹಳದಿಯೇ ವಸತಿ, ಕೈಗಾರಿಕೆಗೆ ನೇರಳೆ; ಬಣ್ಣ ಬೇರೆ, ಹಟ ಒಂದೇ. ಕರೆಂಟು ಮುಟ್ಟದ ಚೌಕದಲ್ಲಿ ಮಿಂಚಿನ ಗುರುತು ಮಿಣಮಿಣ ಅನ್ನುತ್ತದೆ, ತಂತಿ ಎಳೆದೊಡನೆ ಪುಟ್ಟ ಮನೆಗಳು ಅಣಬೆಯಂತೆ ಏಳುತ್ತವೆ.

“ಅಣ್ಣಾ, ನಮ್ಮನೆ ಹಾಕು,” ಎಂದ ಹುಡುಗ. “ಕೆಳಗೆ ಲೇತು, ಮೇಲೆ ಮನೆ.”

ಒಂದರ ಮೇಲೊಂದು ಕೂರಿಸಲು ಈ ಆಟ ಬಿಡುವುದಿಲ್ಲ. ಟರ್ನರ್ ಹಳದಿ ಚೌಕದ ಮಗ್ಗುಲಿಗೇ ಹಸಿರು ಚೌಕ ಇಟ್ಟ. ತಿಂಗಳುಗಳು ಓಡಿದವು. ಕಾರ್ಖಾನೆ ಎದ್ದಿತು, ಹೊಗೆ ಬಂತು, ಮನೆಗೆ ಮಾತ್ರ ಜನ ಬರಲೊಲ್ಲರು. ಹೊಗೆಯಿದ್ದಲ್ಲಿ ನೆಲದ ಬೆಲೆ ಇಳಿಯುತ್ತದೆ, ಬೆಲೆ ಇಳಿದಲ್ಲಿ ಸಂಸಾರ ನಿಲ್ಲುವುದಿಲ್ಲ. ಇದು ಆಟದ ಲೆಕ್ಕ. ರೈಟ್‌ಗೆ ದಾರಿ ತೋರಿಸಿದ ಪುಸ್ತಕಗಳಲ್ಲಿ ಒಂದು, ಎಂಐಟಿಯ ಜೇ ಫಾರೆಸ್ಟರ್ ನಗರವನ್ನೇ ಸಮೀಕರಣಗಳಲ್ಲಿ ಹಿಡಿಯಲು ಹೊರಟು 1969ರಲ್ಲಿ ಬರೆದದ್ದು. ಲೆಕ್ಕ ತಪ್ಪೆಂದು ಹೇಳಲಾರೆ. ಆದರೆ ಹೊಗೆ ಇರುವುದರಿಂದಲೇ ಬಾಡಿಗೆ ಕೈಗೆಟುಕಿ, ಬಾಡಿಗೆ ಕೈಗೆಟುಕುವುದರಿಂದಲೇ ಕೆಲಸಕ್ಕೆ ನಡೆದು ಹೋಗಬಲ್ಲ ದೂರದಲ್ಲಿ ಸಂಸಾರ ಹೂಡುವ ಜನ ಆ ಪುಟ್ಟ ಚೌಕದಲ್ಲಿಲ್ಲ. 1970ರ ದಶಕದಲ್ಲಿ ನಕಾಶೆಯ ಮೇಲೆ ಪೀಣ್ಯಕ್ಕೆ ಕೈಗಾರಿಕೆಯ ಬಣ್ಣ ಬಳಿದವರು ಅಲ್ಲಿ ದುಡಿಯುವವರು ಎಲ್ಲಿ ಮಲಗುತ್ತಾರೆಂದು ಎಷ್ಟು ಯೋಚಿಸಿದರೋ. ಯಾರದೋ ಹೊಲ ರೆವಿನ್ಯೂ ಸೈಟಾಗಿ, ಸೈಟಿಗೆ ಬಿ ಖಾತೆಯಾಗಿ, ಇಂಥ ಎಷ್ಟೋ ಓಣಿಗಳು ತಾವಾಗಿಯೇ ಎದ್ದವು.

“ಬರೂದಿಲ್ಲಂದ್ರ ಬಿಡು,” ಎಂದು ಟರ್ನರ್ ಬೇರೆ ಆಟ ತೆರೆದ. ಮಂಕಿ ಐಲೆಂಡ್, 1990ರದು. ಅದರಲ್ಲಿ ಕತ್ತಿವರಸೆ ಗೆಲ್ಲುವುದು ಕತ್ತಿಯಿಂದಲ್ಲ, ಬೈಗುಳಕ್ಕೆ ತಕ್ಕ ಎದುರೇಟಿನಿಂದ. ಇಂಗ್ಲಿಷು ಅವನಿಗೆ ಅರ್ಧಂಬರ್ಧ. ಅಂಗಡಿಯವರು ಕನ್ನಡದಲ್ಲಿ ಹೇಳುತ್ತಾರೆ, ಇವನು ಉತ್ತರ ಆರಿಸುತ್ತಾನೆ, ಹತ್ತರಲ್ಲಿ ಎಂಟು ಸರಿ. ಹೇಗಪ್ಪಾ ಎಂದೆ. “ನಮ್ಮೂರ ಜಾತ್ರ್ಯಾಗ ಹರದೇಶಿ-ನಾಗೇಶಿ ಪದ ಕೇಳೀರೇನ್ರಿ? ರಾತ್ರಿ ಪೂರ್ತಿ ಇದs ಅಲ್ಲೇನ್ರಿ, ಅವರು ಕೇಳೂದು, ಇವರು ತಿರುಗಿಸಿ ಕೊಡೂದು.” ಕೀಲಿಗೆ ಸ್ಕ್ರೂ ಬಿಗಿಯುತ್ತಿದ್ದ ಅಂಗಡಿಯವರು ತಲೆ ಎತ್ತದೆ ನಕ್ಕರು.

ಮೇಲೆ ಕುಕ್ಕರ್ ಮೂರು ಸಲ ಕೂಗಿತು. ಹುಡುಗ ಏಳಲಿಲ್ಲ, ಟರ್ನರ್ ಕೈ ತೊಳೆಯಲು ಹೋದದ್ದೇ ತಡ, ಮತ್ತೆ ಸಿಮ್‌ಸಿಟಿ ತೆರೆದು ರಸ್ತೆಯನ್ನೆಲ್ಲ ಕಿತ್ತು ರೈಲು ಹಳಿ ಹಾಸತೊಡಗಿದ. ಹಾಗೆ ಮಾಡಿದರೆ ಆ ಊರಲ್ಲಿ ಟ್ರಾಫಿಕ್ಕೂ ಇಲ್ಲ, ಅದರ ಹೊಗೆಯೂ ಇಲ್ಲ. ನಮಗೆ ಪೀಣ್ಯದವರೆಗೆ ಮೆಟ್ರೊ ಬರಲು 2014ರ ಮಾರ್ಚ್ ಆಯಿತು.

ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ಹೊರಗೆ ಬಂದರೆ ನನ್ನ ಸ್ಕೂಟರಿನ ಮುಂದೆ ಎರಡು ಬೈಕು, ಹಿಂದೆ ಒಂದು ಗೂಡ್ಸ್ ಆಟೊ, ಪಕ್ಕದಲ್ಲಿ ಯಾರದೋ ಕಬ್ಬಿಣದ ಸರಳು. 2013ರ ಸಿಮ್‌ಸಿಟಿ ಮಾಡಿದವರು ನಿಜವಾದ ಅಳತೆಯಲ್ಲಿ ಪಾರ್ಕಿಂಗ್ ಜಾಗ ಬಿಟ್ಟರೆ ಊರೆಲ್ಲ ಅದೇ ಆಗಿಬಿಡುತ್ತದೆಂದು ಆಟದಲ್ಲಿ ಅದನ್ನು ತೀರಾ ಕಿರಿದು ಮಾಡಿದ್ದರಂತೆ. ಟರ್ನರ್ ಒದ್ದೆ ಕೈಯಲ್ಲೇ ಬಂದು ಒಂದು ಬೈಕಿನ ಹಿಂಬದಿ ಹಿಡಿದ, ನಾನು ಹ್ಯಾಂಡಲ್ ಹಿಡಿದೆ. “ಎತ್ರಿ ಸರ್ರ,” ಎಂದ.