ಹೃದಯದ ಗುಳಿಗೆ ಮತ್ತು ವೃದ್ಧರ ಬುದ್ಧಿಭ್ರಮೆ

ನಾವು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ದಿನಗಳ ಮಾತು. ಕೆಲಸ ಬಿಟ್ಟ ಮೇಲೂ ನಮ್ಮಲ್ಲಿಯೇ ಉಳಿದಿದ್ದ, ಎಪ್ಪತ್ತು ದಾಟಿದ ಅಡಿಗೆಯ ಭಟ್ಟರೊಬ್ಬರು ಒಂದು ಬೆಳಗ್ಗೆ ತಟ್ಟೆಯನ್ನು ನೋಡಿ, ‘ಇಡ್ಲಿ ಹಿಟ್ಟಿಗೆ ಅರಿಶಿನ ಹಾಕಿದವನಾರೋ?’ ಎಂದು ಮಾಣಿಯನ್ನು ಗದರಿಸಿದರು. ಇಡ್ಲಿ ಮಲ್ಲಿಗೆಯಂತೆ ಬೆಳ್ಳಗಿದ್ದಿತು. ಕೆಲವು ದಿನಗಳಿಂದ ಅವರಿಗೆ ಅನ್ನ ಸೇರುತ್ತಿರಲಿಲ್ಲ. ರಾತ್ರಿ ಎದ್ದು, ಎಂದೋ ತೀರಿಹೋದ ತಮ್ಮನನ್ನು ಕರೆಯುತ್ತಿದ್ದರು. ಅರವತ್ತಕ್ಕೆ ಅರಳುಮರಳು ಎಂದು ಎಲ್ಲರೂ ನಕ್ಕರು. ನಕ್ಕವರಲ್ಲಿ ನಾವೂ ಇದ್ದೆವೆಂಬುದನ್ನು ಮರೆಮಾಚಲಾರೆವು.

ವೈದ್ಯರು ನಗಲಿಲ್ಲ. ಭಟ್ಟರು ನುಂಗುತ್ತಿದ್ದ ಗುಳಿಗೆಗಳನ್ನು ತರಿಸಿ ನೋಡಿದರು. ಅವುಗಳಲ್ಲಿ ಡಿಗಾಕ್ಸಿನ್ ಇದ್ದಿತು. ರಕ್ತಪರೀಕ್ಷೆಯಾಯಿತು, ಗುಳಿಗೆ ನಿಂತಿತು. ಕೆಲವೇ ದಿನಗಳಲ್ಲಿ ಇಡ್ಲಿ ಪುನಃ ಬೆಳ್ಳಗಾಯಿತು.

ಇದು ಹೊಸ ಸಂಗತಿಯೇನೂ ಅಲ್ಲ. ಫಾಕ್ಸ್‌ಗ್ಲೋವ್ ಎಂಬ ಹೂಗಿಡದ ಎಲೆಯಿಂದ ಚಿಕಿತ್ಸೆ ಮಾಡುತ್ತಿದ್ದ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್, ಪ್ರಮಾಣ ಮೀರಿದರೆ ವಾಂತಿ, ತಲೆಸುತ್ತುಗಳುಂಟಾಗಿ ವಸ್ತುಗಳು ಹಸುರಾಗಿಯೋ ಹಳದಿಯಾಗಿಯೋ ತೋರುವುವೆಂದು 1785ರಲ್ಲಿಯೇ ಬರೆದಿದ್ದಾನೆ. ಡಿಗಾಕ್ಸಿನ್ ಆ ಜಾತಿಯ ಗಿಡದಿಂದಲೇ ದೊರೆಯುವ ಔಷಧ. ಉಪಕಾರಿಯಾದುದು ನಿಜ, ಆದರೆ ಅದರಲ್ಲಿ ಗುಣಕ್ಕೂ ವಿಷಕ್ಕೂ ನಡುವಣ ಅಂತರ ಬಹು ಕಿರಿದು.

ದೇಹದಿಂದ ಇದನ್ನು ಹೊರಹಾಕುವ ಕೆಲಸ ಮುಖ್ಯವಾಗಿ ಮೂತ್ರಪಿಂಡಗಳದು. ಅವು ಸರಿಯಿದ್ದರೆ ರಕ್ತದಲ್ಲಿರುವ ಔಷಧವು ಸುಮಾರು 36 ಗಂಟೆಗಳಲ್ಲಿ ಅರ್ಧಕ್ಕಿಳಿಯುವುದು; ತೀರ ಕೆಟ್ಟಿದ್ದರೆ ಅದಕ್ಕೆ ಮೂರುನಾಲ್ಕು ದಿನಗಳೂ ಬೇಕಾಗುವುವು. ಮೋರಿ ಅರ್ಧ ಕಟ್ಟಿಕೊಂಡಿರುವಾಗ ನಲ್ಲಿಯನ್ನು ಮೊದಲಿನಂತೆಯೇ ಬಿಟ್ಟರೆ ಏನಾಗುವುದೆಂದು ಪಾತ್ರೆ ತೊಳೆಯುವ ಹುಡುಗನೂ ಬಲ್ಲನು. ಇದರ ಜೊತೆಗೆ, ಕಾಲುಬಾವಿಗೆಂದು ಕೊಡುವ ಮೂತ್ರದ ಗುಳಿಗೆಯಿಂದ ರಕ್ತದ ಪೊಟಾಸಿಯಂ ಕುಗ್ಗಿದರೆ ಡಿಗಾಕ್ಸಿನ್ನಿನ ವಿಷ ಇನ್ನೂ ಹೆಚ್ಚುವುದು. ಕೆಲವು ವೃದ್ಧರಲ್ಲಿ ರಕ್ತಪರೀಕ್ಷೆಯ ಅಂಕಿ ಸರಿಯಾಗಿದ್ದರೂ ಬುದ್ಧಿ ಕದಡುವುದುಂಟು.

ನಾಡಿಯ ತಾಳ ತಪ್ಪಿದಾಗ ಕೊಡುವ ಅಮಿಯೊಡರೋನ್ ಕೈ ನಡುಕವನ್ನೂ ನಡಿಗೆಯ ತೂರಾಟವನ್ನೂ ತರಬಲ್ಲುದು. ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿಯುವುದು. ಅದು ಡಿಗಾಕ್ಸಿನ್ನಿನ ಮಟ್ಟವನ್ನೂ ಏರಿಸುವುದು. ಪ್ರೊಪ್ರನಾಲಾಲ್‌ನಿಂದ ಕೆಲವರಿಗೆ ಕೆಟ್ಟ ಕನಸುಗಳು ಬೀಳುವುವು.

ಹಾಗೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸತಕ್ಕದ್ದಲ್ಲ. ಕೆಲವನ್ನು ಥಟ್ಟನೆ ಬಿಟ್ಟರೆ ಹೃದಯಕ್ಕೇ ಅಪಾಯ. ಹಠಾತ್ತಾಗಿ ಬುದ್ಧಿ ಕಲಕಿದರೆ ಅದು ಪಾರ್ಶ್ವವಾಯುವೂ ಆಗಿರಬಹುದು, ಸೋಂಕಿನ ಜ್ವರವೂ ಆಗಿರಬಹುದು. ಆದುದರಿಂದ ತಡಮಾಡದೆ ರೋಗಿಯನ್ನೂ, ಅವರು ಸೇವಿಸುವ ಸಕಲ ಗುಳಿಗೆಗಳನ್ನೂ ಆಸ್ಪತ್ರೆಗೆ ಕೊಂಡೊಯ್ಯಬೇಕು.

ನಮ್ಮ ವಾಚಕರಲ್ಲಿ ಅನೇಕರು ಊರಿನ ತಂದೆತಾಯಿಗಳ ಔಷಧಕ್ಕೆಂದು ತಿಂಗಳು ತಪ್ಪದೆ ಹಣ ಕಳುಹಿಸುವವರು. ಅಲ್ಲಿ ಅಂಗಡಿಯವನು ಎಂದೋ ಬರೆದ ಹಳೆಯ ಚೀಟಿಗೇ ಗುಳಿಗೆ ಕೊಡುತ್ತಿರುವನು. ಆ ಚೀಟಿಯ ತಾರೀಖು ಯಾವುದು, ಅನಂತರ ಮೂತ್ರಪಿಂಡದ ಪರೀಕ್ಷೆ ಆಗಿದೆಯೆ, ಅಪ್ಪನಿಗೆ ಊಟ ರುಚಿಸುತ್ತಿದೆಯೆ, ದೀಪದ ಸುತ್ತ ಹಳದಿ ಬಳೆ ಕಾಣುತ್ತಿದೆಯೆ ಎಂದು ಈ ಭಾನುವಾರ ದೂರವಾಣಿಯಲ್ಲಿ ವಿಚಾರಿಸಿರಿ.